ಟಪಾಲು ಮೇಜಿನ ನಾಲ್ಕನೇ ಕಾಲು

ಅತ್ತೆಯವರ ಹೊಸ ಹಲ್ಲಿನ ಸೆಟ್ಟು ಚರಂಡಿಗೆ ಬಿದ್ದ ದಿನ, ಬೆಳಗ್ಗೆ ಎಂಟೂಕಾಲಿನವರೆಗೆ ಠಸ್ಸೆಯ ಸಂಸಾರ ಸುಗಮವಾಗಿಯೇ ನಡೆದಿತ್ತು.

ಠಸ್ಸೆ ಅನ್ನುವುದು ಬೀದಿಯವರು ಇಟ್ಟ ಹೆಸರು. ಮನುಷ್ಯ ಪುರಸಭೆಯ ಟಪಾಲು ವಿಭಾಗದಲ್ಲಿ ಗುಮಾಸ್ತ. ಜನ ಪುರಸಭೆಗೆ ಬರೆದ ಪ್ರತಿಯೊಂದು ಕಾಗದವೂ ಮೊದಲು ಅವನ ಮೇಜಿಗೆ ಬರಬೇಕು, ಅವನು ಅದರ ಮೇಲೆ ‘ಸ್ವೀಕರಿಸಲಾಗಿದೆ’ ಎಂಬ ಠಸ್ಸೆ ಒತ್ತಬೇಕು, ಆಮೇಲೆ ಅದು ಒಳಗೆ ಹೋಗಿ ತನ್ನ ಪಾಡು ತಾನು ನೋಡಿಕೊಳ್ಳಬೇಕು. ಹನ್ನೆರಡು ವರ್ಷದಲ್ಲಿ ಅವನು ಮಾಡಿದ್ದು ಇಷ್ಟೇ. ಆದರೆ ಬೀದಿಯಲ್ಲಿ ನಿಂತರೆ ಮಾತು ಶುರುವಾಗುತ್ತಿದ್ದುದೇ “ನಮ್ಮ ಪುರಸಭೆಯಲ್ಲಿ ನಾನು ಏನು ತೀರ್ಮಾನ ಮಾಡಿದೆ ಅಂದ್ರೆ” ಎಂದು. ನಲ್ಲಿಯಲ್ಲಿ ನೀರು ಬಾರದಿದ್ದರೆ “ನೋಡ್ತೀನಿ” ಅನ್ನುತ್ತಿದ್ದ. ತಾನಾಗಿ ಬಂದರೆ “ನೋಡಿದೆ” ಅನ್ನುತ್ತಿದ್ದ. ಠಸ್ಸೆಯನ್ನು ಕಚೇರಿಯಲ್ಲಿ ಬಿಟ್ಟು ಬರಲು ಮನಸ್ಸಾಗದೆ ಅಂಗಿಯ ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದುದರಿಂದ ಅವನ ಎಲ್ಲ ಅಂಗಿಗಳ ಎದೆಯ ಮೇಲೂ ನೇರಳೆ ಬಣ್ಣದ ಕಲೆ. ಅದನ್ನು ಒಗೆಯುವ ಹೆಂಡತಿ ಮಾತ್ರ ಅವನ ಅಧಿಕಾರದ ನಿಜವಾದ ಭಾರ ಬಲ್ಲವಳು.

ಅತ್ತೆ ಬಂದದ್ದು ಹಲ್ಲು ಕಟ್ಟಿಸಿಕೊಳ್ಳುವುದಕ್ಕೆ. ಮೇಲೆ ಕೆಳಗೆ ಎರಡೂ ಸಾಲು, ಹೊಸದು, ಬಾಯಿಗೆ ಬಂದು ಮೂರು ದಿನ. ಒಂದು ವಾರ ಗಟ್ಟಿ ಪದಾರ್ಥ ಕಡಿಯಬೇಡಿ ಎಂದ ಹಲ್ಲಿನ ಡಾಕ್ಟರ ಎದುರಿಗೇ ಚೀಲದಿಂದ ಕಡಲೆಬೀಜ ತೆಗೆದು ಕಟಕಟ ಕಡಿದು ತೋರಿಸಿದ ಹೆಂಗಸು ಅದು.

ಠಸ್ಸೆಯ ಮನೆ ಮುಂದೆ ಚರಂಡಿ, ಅದರ ಮೇಲೊಂದು ಕಲ್ಲು ಚಪ್ಪಡಿ. ಎಡಗಡೆ ಕಾಲಿಟ್ಟರೆ ಸುಮ್ಮನಿರುತ್ತದೆ, ಬಲಗಡೆ ಇಟ್ಟರೆ ಎದ್ದು ನಿಲ್ಲುತ್ತದೆ. ಇದು ಹಾಲಿನವನಿಗೆ ಗೊತ್ತು, ಪೇಪರಿನವನಿಗೆ ಗೊತ್ತು, ಬೀದಿಯ ನಾಯಿಗೂ ಗೊತ್ತು. ಅತ್ತೆಗೆ ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಆ ದಿನ ಅವರು ಬಲಗಡೆ ಕಾಲಿಟ್ಟರು. ಚಪ್ಪಡಿ ಎದ್ದಿತು, ಅತ್ತೆ ಕೂತರು. ಕೂತಲ್ಲಿಂದಲೇ “ಏನು ಮನೆ ಅಂತ ಹಿಡಿದ್ರಿ ಅಳಿಯಂದ್ರೇ” ಎಂದು ಕೇಳಲು ಬಾಯಿ ಪೂರ್ತಿ ತೆರೆದರು. ‘ಮನೆ’ ಅನ್ನುವಷ್ಟರಲ್ಲಿ ಮೇಲಿನ ಸಾಲು ಹೊರಟಿತು, ಅದರ ಬೆನ್ನಿಗೇ ಕೆಳಗಿನದು. ಎರಡೂ ಸಂದಿಯೊಳಗೆ ಇಳಿದವು. ಚಪ್ಪಡಿ ಡಬ್ಬಿಯ ಮುಚ್ಚಳದ ಹಾಗೆ ಮೇಲಿಂದ ಮುಚ್ಚಿಕೊಂಡಿತು.

ಬೀದಿ ಸೇರಿತು. ಎದುರು ಮನೆಯ ನಿವೃತ್ತ ಬಸ್ ಕಂಡಕ್ಟರು ತಂತಿ ಕಟ್ಟಿದ ಕೋಲಿನಿಂದ ಚರಂಡಿ ಕೆದಕಿದರು. ಮೂರು ವರ್ಷದ ಹಿಂದೆ ಕಳೆದಿದ್ದ ಅವರ ಮನೆಯ ಸ್ಟೀಲ್ ಚಮಚ ಸಿಕ್ಕಿತು, ಹಲ್ಲು ಸಿಗಲಿಲ್ಲ. ಅತ್ತೆಯ ಮಂಡಿ ಸ್ವಲ್ಪ ತರಚಿತ್ತು, ಮಿಕ್ಕಂತೆ ದೇಹಕ್ಕೆ ಏನೂ ಆಗಿರಲಿಲ್ಲ. ಮಾತಿಗೆ ಆಗಿತ್ತು. (ಈ ಕ್ಷಣದಿಂದ ಅವರ ಮಾತೆಲ್ಲ ಗಾಳಿಯ ಜೊತೆ ಕಲೆತೇ ಬರುತ್ತಿತ್ತು. ಓದುವವರ ಅನುಕೂಲಕ್ಕಾಗಿ ಇಲ್ಲಿ ಅದನ್ನು ಹಲ್ಲು ಸಮೇತ ಬರೆದಿದೆ.)

“ಯಾರದ್ದು ಈ ಕಲ್ಲು?” ಎಂದರು ಅತ್ತೆ.

ಇಡೀ ಬೀದಿ ಠಸ್ಸೆಯ ಕಡೆ ತಿರುಗಿತು. ಅಷ್ಟು ಜನ ಒಟ್ಟಿಗೆ ತನ್ನನ್ನು ನೋಡಿದ್ದು ಅವನ ಮದುವೆಯ ನಂತರ ಇದೇ ಮೊದಲು. ಅವನ ಎದೆ ಉಬ್ಬಿ, ಜೇಬಿನೊಳಗಿನ ಠಸ್ಸೆ ಅರ್ಧ ಹೊರಗೆ ಬಂತು.

“ನಮ್ಮ ಪುರಸಭೆಯದ್ದು. ನೀವೇನೂ ಯೋಚನೆ ಮಾಡ್ಬೇಡಿ ಅತ್ತೆ. ಪೂರ್ತಿ ಪರಿಹಾರ ಕೊಡಿಸ್ತೀನಿ. ಮೇಲಿನ ಸಾಲು, ಕೆಳಗಿನ ಸಾಲು, ಮಂಡಿ, ಮನಸ್ಸಿಗಾದ ನೋವು, ಎಲ್ಲಾ ಸೇರಿಸಿ. ಯಾರನ್ನು ಕೇಳಬೇಕು? ನಾನೇ ಅಲ್ಲವಾ ಅಲ್ಲಿರೋದು.”

ಹನ್ನೆರಡು ವರ್ಷದಿಂದ ಅಳಿಯನ ಕೆಲಸವನ್ನು ‘ಒತ್ತೋ ಕೆಲಸ’ ಎಂದೇ ಕರೆಯುತ್ತಿದ್ದ ಅತ್ತೆ, ಆ ದಿನ ಬೆಳಗಿನ ಕಾಫಿಯನ್ನು ತಾವೇ ಅವನ ಕೈಗೆ ತಂದುಕೊಟ್ಟರು. ಅದೇ ಅವನನ್ನು ಕೆಡಿಸಿದ್ದು.

ಪುರಸಭೆಯ ಕಾನೂನು ಶಾಖೆಯಲ್ಲಿ ಒಬ್ಬರು ಮೇಡಂ ಇದ್ದರು. ಕನ್ನಡಕವನ್ನು ತಲೆಯ ಮೇಲೆ ಏರಿಸಿ, ದಾರ ಕಟ್ಟಿದ ನಿಯಮದ ಪುಸ್ತಕವನ್ನು ಓದದೆಯೇ ಹೇಳಬಲ್ಲವರು. ಠಸ್ಸೆ ಹೋಗಿ ವಿಷಯ ಹೇಳಿದ.

“ಮೊದಲನೇದು,” ಎಂದರು ಮೇಡಂ, “ಅರ್ಜಿ ಮೂವತ್ತು ದಿನದೊಳಗೆ ಬರಬೇಕು. ಮೂವತ್ತೊಂದನೇ ದಿನ ಬಂದ್ರೆ ಅವರು ಬಿದ್ದೇ ಇಲ್ಲ ಅಂತ ಲೆಕ್ಕ. ಎರಡನೇದು, ನಷ್ಟ ಎಷ್ಟೇ ಆಗಲಿ, ಪುರಸಭೆ ಕೊಡೋದಕ್ಕೆ ಒಂದು ಮಿತಿ ಇದೆ. ದೇಹಕ್ಕೆ ಒಂದು ಮಿತಿ, ವಸ್ತುವಿಗೆ ಒಂದು ಮಿತಿ. ಪೆಟ್ಟಾಗಿದ್ದು ಯಾವುದಕ್ಕೆ?”

“ಹಲ್ಲಿಗೆ ಮೇಡಂ.”

“ನಷ್ಟ ಆದಾಗ ಹಲ್ಲು ಎಲ್ಲಿತ್ತು? ಬಾಯೊಳಗೋ, ಹೊರಗೋ?”

ಠಸ್ಸೆ ಕಣ್ಣು ಮುಚ್ಚಿ ನೆನಪು ಮಾಡಿಕೊಂಡ. “ಹೊರಡುವಾಗ ಒಳಗಿತ್ತು. ಹೋಗ್ತಾ ಹೋಗ್ತಾ ಹೊರಗಾಯ್ತು.”

“ಒಳಗಿದ್ದಾಗ ದೇಹ. ತುಟಿ ದಾಟಿದ ಮೇಲೆ ವಸ್ತು. ವಸ್ತುವಿನ ಮಿತಿ ಸಣ್ಣದು, ನಾನು ಹುಟ್ಟೋಕೆ ಮುಂಚೆ ನಿಗದಿ ಮಾಡಿದ್ದು. ಆದ್ರೆ ಮುಖ್ಯ ಮೂರನೇದು. ಕಲ್ಲು ಅಲ್ಲಾಡ್ತಿದೆ ಅಂತ ಯಾರಾದ್ರೂ ಮುಂಚೆಯೇ ಪುರಸಭೆಗೆ ಬರೆದುಕೊಟ್ಟಿರಬೇಕು. ಗೊತ್ತೇ ಇಲ್ಲದ ಕಲ್ಲಿಗೆ ನಾವು ಜವಾಬ್ದಾರರಲ್ಲ.”

“ಗೊತ್ತಿತ್ತಲ್ಲ ಮೇಡಂ. ನಾನು ದಿನಾ ಅದನ್ನ ದಾಟಿಕೊಂಡೇ ಬರೋದು.”

“ನಿಮಗೆ ಗೊತ್ತಿದ್ರೆ ಪುರಸಭೆಗೆ ಗೊತ್ತಿದ್ದ ಹಾಗಲ್ಲ,” ಎಂದು ಮೇಡಂ ಕನ್ನಡಕ ಇಳಿಸಿಕೊಂಡರು.

ಬೇರೆ ದಿನವಾಗಿದ್ದರೆ ಈ ಮಾತು ಅವನಿಗೆ ಒಂದು ವಾರ ಚುಚ್ಚುತ್ತಿತ್ತು. ಆ ದಿನ ಮಾತ್ರ ಹಗುರವಾಯಿತು. ಕೊಡಿಸಲಾಗದ್ದು ತನ್ನ ಕೈಲಾಗದೆ ಅಲ್ಲ, ಕಾನೂನಿನ ಕೈಲಾಗದೆ. ಸಂಜೆ ಮನೆಗೆ ಬಂದವನೇ ಬಾಗಿಲಲ್ಲೇ ನಿಂತು, ಬೀದಿಗೂ ಕೇಳಿಸುವ ಹಾಗೆ ಮೂರೂ ನಿಯಮ ಹೇಳಿದ. “ಏನು ಮಾಡೋದು ಅತ್ತೆ? ಮುಂಚೆಯೇ ಯಾರಾದ್ರೂ ಒಬ್ಬರು ಒಂದೇ ಒಂದು ಕಾಗದ ಬರೆದಿದ್ರೆ ನಾನು ಬಿಡ್ತಿರಲಿಲ್ಲ. ನಮ್ಮ ಜನಕ್ಕೆ ಆ ಜವಾಬ್ದಾರಿ ಎಲ್ಲಿದೆ?”

“ನಾನು ಬರೆದುಕೊಟ್ಟಿದ್ದೆನಲ್ಲ ಸ್ವಾಮಿ,” ಎಂದರು ಕಂಡಕ್ಟರು, ಎದುರು ಮನೆಯ ಕಟ್ಟೆಯಿಂದ. “ನಾಲ್ಕು ತಿಂಗಳಾಯ್ತು. ನಿಮ್ಮ ಕೈಗೇ ಕೊಟ್ಟೆ. ಠಸ್ಸೆ ಒತ್ತಿಕೊಡಿ ಅಂದೆ. ‘ನಮ್ಮ ನಮ್ಮಲ್ಲಿ ಅದೆಲ್ಲಾ ಯಾಕೆ, ಆಯ್ತು ಅನ್ಕೊಳ್ಳಿ’ ಅಂದ್ರಿ. ಬೇಕಾದ್ರೆ ಗುರುತು ಹೇಳ್ತೀನಿ. ಮೂಲೆಯಲ್ಲಿ ಎರಡು ತೂತು ಇದೆ.”

ಕಂಡಕ್ಟರು ನಿವೃತ್ತರಾಗುವಾಗ ಟಿಕೆಟ್ ತೂತು ಮಾಡುವ ಇಕ್ಕಳವನ್ನು ಜೊತೆಗೇ ತಂದುಕೊಂಡಿದ್ದರು. ತಮ್ಮ ಕೈಯಿಂದ ಹೊರಡುವ ಯಾವ ಕಾಗದವನ್ನೂ ಎರಡು ತೂತು ಹಾಕದೆ ಕಳಿಸುತ್ತಿರಲಿಲ್ಲ. ಮೊಮ್ಮಗಳ ಮದುವೆ ಕರೆಯೋಲೆಗಳಿಗೂ ಹಾಕಿದ್ದರು.

“ರೀ,” ಎಂದಳು ಹೆಂಡತಿ, “ಯಾಕೆ ನಿಮ್ಮ ಮುಖ ಹೀಗಾಯ್ತು?”

ಮುಖ ಹೀಗಾದದ್ದಕ್ಕೆ ಕಾರಣವಿತ್ತು. ಟಪಾಲು ವಿಭಾಗದ ಮೇಜಿನ ನಾಲ್ಕನೇ ಕಾಲು ಅರ್ಧ ಬೆರಳು ಗಿಡ್ಡ. ಠಸ್ಸೆ ಒತ್ತಿದಾಗಲೆಲ್ಲ ಮೇಜು ವಾಲಿ, ಮೇಲಿದ್ದದ್ದೆಲ್ಲ ಅವನ ಮಡಿಲಿಗೆ ಬರುತ್ತಿತ್ತು. ನಾಲ್ಕು ತಿಂಗಳ ಹಿಂದೆ ಒಂದು ದಿನ ಅವನು ಕೈಗೆ ಸಿಕ್ಕ ದಪ್ಪ ಕಾಗದವೊಂದನ್ನು ಎಂಟು ಮಡಿಕೆ ಮಾಡಿ ಆ ಕಾಲಿನಡಿ ತುರುಕಿದ್ದ. ಅಂದಿನಿಂದ ಮೇಜು ಬಂಡೆಯ ಹಾಗೆ ನಿಂತಿತ್ತು. ಆ ಕಾಗದದ ಮೂಲೆಯಲ್ಲಿ ಎರಡು ತೂತು ಇದ್ದದ್ದು ಅವನಿಗೆ ಈಗ, ಬಾಗಿಲಲ್ಲಿ ನಿಂತು, ಸ್ಪಷ್ಟವಾಗಿ ನೆನಪಾಯಿತು.

ಇದರಲ್ಲಿ ಹೆದರುವುದೇನು ಅಂದರೆ, ಮುಖ್ಯಾಧಿಕಾರಿಗಳು ವರ್ಷದ ಹಿಂದೆ ಒಂದು ಸುತ್ತೋಲೆ ಹೊರಡಿಸಿದ್ದರು: ಸಾರ್ವಜನಿಕರ ಕಾಗದ ಕಳೆದವನನ್ನು ಊರಾಚೆ ಕಸದ ಲಾರಿ ತೂಗುವ ಕಟ್ಟೆಗೆ ವರ್ಗ ಮಾಡಲಾಗುವುದು. ಪಕ್ಕದ ಮೇಜಿನವನು ಒಂದೇ ಒಂದು ಕಾಗದ ಕಳೆದು ಅಲ್ಲಿಗೆ ಹೋಗಿದ್ದ. ಈಗ ಅವನು ಸಂಬಳಕ್ಕೆ ಬಂದರೆ, ಅವನಿಗಿಂತ ಐದು ನಿಮಿಷ ಮುಂಚೆ ಅವನು ಬರುವುದು ಎಲ್ಲರ ಮೂಗಿಗೂ ತಿಳಿಯುತ್ತದೆ.

ಹಾಗಾಗಿ ಠಸ್ಸೆ ಕಾನೂನಿನ ಮೊರೆಹೊಕ್ಕ. ಮೂವತ್ತು ದಿನ ಹೇಗಾದರೂ ಕಳೆದರೆ ಅತ್ತೆ ಬಿದ್ದೇ ಇಲ್ಲವೆಂದಾಗುತ್ತದೆ. ಬೀಳದ ಅತ್ತೆಗೆ ಅರ್ಜಿ ಬೇಡ, ಅರ್ಜಿ ಇಲ್ಲದಿದ್ದರೆ ಕಂಡಕ್ಟರ ಕಾಗದವನ್ನು ಯಾರೂ ಹುಡುಕುವುದಿಲ್ಲ. ಕಂಡಕ್ಟರು ನೀಟಾಗಿ ಬರೆದು ತೂತು ಹಾಕಿಕೊಟ್ಟ ಪರಿಹಾರದ ಅರ್ಜಿಯನ್ನು ಅವನು ದಿನವೂ ಚೀಲದಲ್ಲಿ ಕಚೇರಿಗೆ ಒಯ್ದು ದಿನವೂ ವಾಪಸ್ ತಂದ.

“ಕೊಟ್ರಾ?” ಎನ್ನುವರು ಅತ್ತೆ.

“ಇವತ್ತು ಮುಖ್ಯಾಧಿಕಾರಿಗಳಿಗೆ ಶೀತ ಅತ್ತೆ. ಶೀತದಲ್ಲಿ ಕೊಟ್ರೆ ಕಡಿಮೆ ಕೊಡ್ತಾರೆ.”

ಇನ್ನೊಂದು ದಿನ, “ಇವತ್ತು ಅವರು ತುಂಬಾ ಖುಷಿಯಾಗಿದ್ರು. ಖುಷಿಯಾಗಿದ್ದಾಗ ಓದದೆ ರುಜು ಹಾಕಿಬಿಡ್ತಾರೆ, ಆಮೇಲೆ ತೊಂದರೆ.”

ಅತ್ತೆ ಬ್ರೆಡ್ಡನ್ನು ಹಾಲಿನಲ್ಲಿ ನೆನೆಸುವರು. ಕಡಲೆಬೀಜದ ಡಬ್ಬಿ ಕಿಟಕಿಯ ಮೇಲಿತ್ತು. ಒಂದೊಂದು ಸಲ ಅದನ್ನು ತೆಗೆದು ಅಲ್ಲಾಡಿಸಿ ಸದ್ದು ಕೇಳಿ ಮತ್ತೆ ಅಲ್ಲೇ ಇಡುವರು. ಕಾಫಿ ಅಳಿಯನ ಕೈಗೆ ಬರುವುದು ನಿಂತಿತು. ಮೊದಲು ಮೇಜಿಗೆ, ಆಮೇಲೆ ಕಿಟಕಿಗೆ, ಕೊನೆಗೆ ಅವನೇ ಹೋಗಿ ತೆಗೆದುಕೊಳ್ಳುವ ಒಲೆಯ ಪಕ್ಕಕ್ಕೆ ಹೋಯಿತು.

ಮೂವತ್ತನೇ ದಿನ ಮಧ್ಯಾಹ್ನ ಮೂರು ಗಂಟೆ. ಇನ್ನೆರಡು ಗಂಟೆ ಕಳೆದರೆ ಮುಗಿಯಿತು ಎಂದು ಠಸ್ಸೆ ಗೋಡೆಯ ಗಡಿಯಾರವನ್ನು ಪ್ರೀತಿಯಿಂದ ನೋಡುತ್ತಿದ್ದಾಗ, ಬಾಗಿಲಲ್ಲಿ ಅತ್ತೆ ಕಾಣಿಸಿಕೊಂಡರು. ಹಿಂದೆ ಹೆಂಡತಿ, ಅವಳ ಹಿಂದೆ ಇಕ್ಕಳ ಹಿಡಿದ ಕಂಡಕ್ಟರು.

“ನೀವು ಚೀಲ ಮನೆಯಲ್ಲೇ ಬಿಟ್ಟು ಬಂದಿದ್ರಿ ಅಳಿಯಂದ್ರೇ,” ಎಂದರು ಅತ್ತೆ, ಅರ್ಜಿಯನ್ನು ಮೇಜಿನ ಮೇಲಿಟ್ಟು. “ಒತ್ತಿ.”

ಒತ್ತಿದ. ಬೇರೆ ದಾರಿ ಇರಲಿಲ್ಲ. ಅತ್ತೆ ಎದುರಿನ ಕುರ್ಚಿಯಲ್ಲಿ ಕೂತು ಎರಡೂ ಮೊಣಕೈ ಮೇಜಿನ ಮೇಲೆ ಊರಿದರು. ಕಂಡಕ್ಟರು ಒಳಗೆ ಹೋಗಿ, ಚಹದ ಲೋಟ ಕೈಯಲ್ಲಿದ್ದ ಕಾನೂನು ಮೇಡಂ ಅವರನ್ನು ಹಾಗೇ ಕರೆತಂದರು.

“ಅರ್ಜಿ ಸರಿಯಾಗಿದೆ,” ಎಂದರು ಮೇಡಂ, ಲೋಟ ಮೇಜಿನ ಮೇಲಿಟ್ಟು, ಗುಂಡುಪಿನ್ನೊಂದನ್ನು ಕೈಗೆತ್ತಿಕೊಂಡು. “ಹಳೇ ದೂರು ಕೊಡಿ. ಎರಡೂ ಸೇರಿಸಿ ಪಿನ್ನು ಹಾಕಿಬಿಡೋಣ.”

ಹುಡುಕಾಟ ಶುರುವಾಯಿತು. ಠಸ್ಸೆ ಕಪಾಟು ಹುಡುಕಿದ, ಮೂಟೆ ಬಿಚ್ಚಿದ, ಫ್ಯಾನಿನ ರೆಕ್ಕೆಯ ಮೇಲೂ ನೋಡಿದ. ಹುಡುಕುತ್ತಾ ಹುಡುಕುತ್ತಾ ಅವನಿಗೆ ಒಂದು ವಿಚಾರ ಹೊಳೆಯಿತು. ಕಾಗದ ಕಳೆಯುವುದು ಬೇರೆ, ಕಪಾಟಿನ ಹಿಂದೆ ಸಿಕ್ಕುವುದು ಬೇರೆ. ಸಿಕ್ಕಿದ ಕಾಗದಕ್ಕೆ ಯಾರನ್ನೂ ಕಸದ ಕಟ್ಟೆಗೆ ಕಳಿಸುವುದಿಲ್ಲ. ಮೆಲ್ಲಗೆ ಅದನ್ನು ಎಳೆದುಕೊಂಡು ಕಪಾಟಿನ ಹಿಂದಿನಿಂದ ಎದ್ದರೆ ಸರಿ.

“ಅಯ್ಯೋ, ಪೆನ್ನು ಬಿತ್ತು,” ಎಂದು ಮೇಜಿನಡಿ ನುಸುಳಿ ಕಾಗದ ಎಳೆದ.

ಮೇಜು ವಾಲಿತು. ಚಹ ಹೊರಟಿತು, ಶಾಯಿಪ್ಯಾಡು ಹೊರಟಿತು, ಅತ್ತೆಯ ಮೊಣಕೈಗಳೂ ಅವುಗಳ ಹಿಂದೆ ಗಲ್ಲವೂ ಹೊರಟವು. ಠಸ್ಸೆ ಹೆಗಲು ಕೊಟ್ಟು ಮೇಜನ್ನು ಎತ್ತಿ, ಕೈಯನ್ನು ಮೇಲೆ ಚಾಚಿ, ಸಿಕ್ಕಿದ ಕಾಗದವನ್ನು ಒಂದೇ ಉಸಿರಿಗೆ ಎಂಟು ಮಡಿಕೆ ಮಾಡಿ ತುರುಕಿದ. ಮೇಜು ನಿಂತಿತು. ಅವನು ಅಂಬೆಗಾಲಿನಲ್ಲೇ ಹೋಗಿ ಕಪಾಟಿನ ಹಿಂದಿನಿಂದ ಎದ್ದ.

“ಸಿಕ್ತು ಮೇಡಂ. ಇಲ್ಲೇ ಬಿದ್ದಿತ್ತು.”

ಕಂಡಕ್ಟರು ಅದನ್ನು ಬೆಳಕಿಗೆ ಹಿಡಿದು ಎರಡೂ ತೂತಿನಲ್ಲಿ ಒಂದೊಂದು ಕಣ್ಣಿಟ್ಟು ನೋಡಿದರು. “ನಂದೇ.”

“ಸರಿ,” ಎಂದರು ಮೇಡಂ, ಪಿನ್ನನ್ನು ಎತ್ತಿ ಹಿಡಿದು. “ಅರ್ಜಿ?”

ಅರ್ಜಿ ಇರಲಿಲ್ಲ. ಠಸ್ಸೆಗೆ ಅರ್ಜಿ ಎಲ್ಲಿದೆ ಎಂದು ಗೊತ್ತಾಗಲು ಒಂದು ಕ್ಷಣ ಹಿಡಿಯಿತು. ದೂರನ್ನು ಕಂಡಕ್ಟರ ಕೈಯಿಂದ “ಒಂದು ನಿಮಿಷ” ಎಂದು ತೆಗೆದುಕೊಂಡು, ಪೆನ್ನು ಮತ್ತೆ ಬಿತ್ತೆಂದು ಮತ್ತೆ ಇಳಿದ. ಅರ್ಜಿ ಎಳೆದ, ಮೇಜು ವಾಲಿತು, ಕೈಯಲ್ಲಿದ್ದದ್ದನ್ನು ತುರುಕಿದ. ಎದ್ದು ಬಂದು ಅರ್ಜಿ ಕೊಟ್ಟ.

“ಬಂತು,” ಎಂದರು ಮೇಡಂ. “ದೂರು?”

ಇಳಿದ. ಎದ್ದ. ಈಗ ದೂರು ಇತ್ತು, ಅರ್ಜಿ ಇರಲಿಲ್ಲ. ಕಾನೂನಿಗೆ ಎರಡು ಕಾಗದ ಬೇಕು, ಮೇಜಿಗೆ ಒಂದು ಬೇಕು, ಇರುವುದೇ ಎರಡು. ಈ ಗಣಿತ ಯಾವ ಶಾಲೆಯಲ್ಲೂ ಬಗೆಹರಿಯುವಂಥದ್ದಲ್ಲ. ಮೇಡಂ ಕೈಯ ಪಿನ್ನು ಗಾಳಿಯಲ್ಲೇ ನಿಂತಿತ್ತು.

“ರೀ,” ಎಂದಳು ಹೆಂಡತಿ, “ಎಷ್ಟು ಸಲ ಪೆನ್ನು ಬೀಳುತ್ತೆ? ಅದು ನಿಮ್ಮ ಕಿವಿ ಮೇಲೇ ಇದೆಯಲ್ಲ.”

ಅತ್ತೆಯ ಮೊಣಕೈಗಳು ಇನ್ನೂ ಮೇಜಿನ ಮೇಲೇ ಇದ್ದವು. ಅಳಿಯ ಇಳಿದಾಗಲೆಲ್ಲ ಮೇಜು ಇಳಿಯುವುದು, ಅಳಿಯ ಎದ್ದಾಗ ಏಳುವುದು ಅವರಿಗೆ ಮೊಣಕೈಯಿಂದಲೇ ಅರ್ಥವಾಯಿತು. ನಾಲ್ಕನೇ ಸಲ ಅವನು ಕೆಳಗಿದ್ದಾಗ ಅವರೂ ಬಗ್ಗಿ ನೋಡಿದರು. ಮೇಜಿನಡಿಯ ಕತ್ತಲಲ್ಲಿ ಅತ್ತೆ ಅಳಿಯರ ಕಣ್ಣು ಕಣ್ಣು ಸೇರಿದವು. ಅತ್ತೆ ಎಡಗಾಲಿನ ಚಪ್ಪಲಿಯನ್ನು ಕಳಚಿ ಕೈಗೆ ತೆಗೆದುಕೊಂಡರು. ಠಸ್ಸೆ ಕೆನ್ನೆಯ ಮೇಲೆ ಕೈಯಿಟ್ಟುಕೊಂಡ.

“ಸ್ವಲ್ಪ ಎತ್ತಿ,” ಎಂದರು ಅತ್ತೆ.

ಎತ್ತಿದ. ಅವರು ಚಪ್ಪಲಿಯನ್ನು ಕಾಲಿನಡಿ ಸೇರಿಸಿದರು. ಮೇಜು ಹಿಂದೆಂದೂ ನಿಲ್ಲದಷ್ಟು ಗಟ್ಟಿಯಾಗಿ ನಿಂತಿತು. ಠಸ್ಸೆ ಎರಡೂ ಕಾಗದ ಹಿಡಿದು ಹೊರಬಂದ. ಪಿನ್ನು ಇಳಿಯಿತು.

ಅಷ್ಟರಲ್ಲಿ ಗಲಾಟೆ ಕೇಳಿ ಮುಖ್ಯಾಧಿಕಾರಿಗಳೇ ಬಂದರು. ಐದಕ್ಕೆ ಹತ್ತು ನಿಮಿಷ. ಕಾಗದ ತಿರುಗಿಸಿ ನೋಡಿದರು. “ಈ ದೂರಿನ ಮೇಲೆ ನಮ್ಮ ಠಸ್ಸೆ ಎಲ್ಲಿ? ಠಸ್ಸೆ ಇಲ್ಲದ ಕಾಗದ ನಮಗೆ ಬಂದಿಲ್ಲ. ಕಪಾಟಿನ ಹಿಂದೆ ಸಿಕ್ತು ಅಂತೀರಿ, ಈ ಕಂಡಕ್ಟರೇ ಇವತ್ತು ಜೇಬಿನಲ್ಲಿ ತಂದು ಅಲ್ಲಿ ಹಾಕಿರಬಹುದು. ಮೇಡಂ, ಅರ್ಜಿ ವಜಾ ಅಂತ ಬರೀರಿ.”

“ನಾನು ಅಂಥವನಲ್ಲ,” ಎಂದರು ಕಂಡಕ್ಟರು. “ನಲವತ್ತು ವರ್ಷದ ಸರ್ವೀಸು. ಒಂದು ಟಿಕೆಟ್ಟು ಹೆಚ್ಚು ಕಮ್ಮಿ ಆಗಿಲ್ಲ.”

“ಹಾಗಾದ್ರೆ ನಾಲ್ಕು ತಿಂಗಳು ಇದು ಎಲ್ಲಿತ್ತು?”

ಠಸ್ಸೆಗೆ ತಿಳಿಯಿತು, ಇನ್ನು ಹತ್ತು ನಿಮಿಷ ತಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಮೂವತ್ತು ದಿನ ಮುಗಿಯುತ್ತದೆ, ಕಸದ ಕಟ್ಟೆ ತಪ್ಪುತ್ತದೆ. ಅವನು ಅತ್ತೆಯ ಕಡೆ ನೋಡಿದ. ಅವರು ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು, ಇನ್ನೊಂದು ಪಾದವನ್ನು ಅದರ ಮೇಲಿಟ್ಟುಕೊಂಡು ಕೂತಿದ್ದರು. ಮೇಜಿನಡಿ ಕಂಡದ್ದನ್ನು ಹೇಳಬಹುದಿತ್ತು. ಹೇಳಲಿಲ್ಲ. ಸೆರಗಿನ ಗಂಟಿನಲ್ಲಿ ನಾಲ್ಕು ಕಡಲೆಬೀಜ ಇದ್ದವು. ಪರಿಹಾರ ಇವತ್ತೇ ಕೈಗೆ ಬರುತ್ತದೆ, ಹಲ್ಲಿನ ಡಾಕ್ಟರಲ್ಲಿಗೆ ಇಲ್ಲಿಂದಲೇ ಹೋಗುವುದು ಎಂದು ಅವರು ಲೆಕ್ಕ ಹಾಕಿಕೊಂಡು ಬಂದಿದ್ದರು.

“ಇಲ್ಲೇ ಇತ್ತು ಸರ್,” ಎಂದ ಠಸ್ಸೆ. “ಈ ಕಾಲಿನ ಕೆಳಗೆ. ನಾನೇ ಇಟ್ಟಿದ್ದೆ.”

ಮೇಡಂ ಮೊಣಕಾಲೂರಿ ಪರೀಕ್ಷೆ ಮಾಡಿದರು. ಕಾಗದದ ಮೇಲಿನ ಚೌಕ ಗುರುತು ಮೇಜಿನ ಕಾಲಿಗೆ ಸರಿಯಾಗಿ ಕೂತಿತು. ಅವರು ಎದ್ದು ನಿಂತು, ಸೆರಗಿನ ಧೂಳು ಕೊಡವಿ, ಬರೆದುಕೊಂಡೇ ಓದಿದರು: “ನಾಲ್ಕು ತಿಂಗಳ ಕಾಲ ದೂರು ಪುರಸಭೆಯ ಉಪಯೋಗದಲ್ಲೇ ಇತ್ತು. ಆದ್ದರಿಂದ ಪುರಸಭೆಗೆ ಗೊತ್ತಿತ್ತು. ಅರ್ಜಿ ಅವಧಿಯೊಳಗಿದೆ. ಪರಿಹಾರ, ವಸ್ತುವಿನ ಮಿತಿಯೊಳಗೆ.” ಮಿತಿಯನ್ನೂ ಅತ್ತೆ ಕೊಟ್ಟ ಹಲ್ಲಿನ ಡಾಕ್ಟರ ಖರ್ಚಿನ ಚೀಟಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದರು. “ಕೆಳಗಿನ ಸಾಲು ಬರುತ್ತೆ. ಮೇಲಿನದು ಬರಲ್ಲ.”

“ಕೆಳಗಿನದು ಒಂದೇ ಇಟ್ಟುಕೊಂಡು ಯಾವುದಕ್ಕೆ ಕಡೀಲಿ?” ಎಂದರು ಅತ್ತೆ.

“ಅದಕ್ಕೆ ನಿಯಮದಲ್ಲಿ ಉತ್ತರ ಇಲ್ಲ ಅಮ್ಮ.”

ಠಸ್ಸೆಯ ವರ್ಗಾವಣೆಯ ಆದೇಶ ಮರುದಿನ ಬೆಳಗ್ಗೆಯೇ ಟೈಪಾಯಿತು. ಮುಖ್ಯಾಧಿಕಾರಿಗಳು ಅವನನ್ನು ಎದುರಿಗೆ ನಿಲ್ಲಿಸಿಕೊಂಡು ರುಜು ಹಾಕಲು ಹೋದರು. ಅವರ ಮೇಜೂ ವಾಲಿ, ರುಜು ಕಾಗದದಿಂದ ಇಳಿದು ಮೇಜಿನ ಬಟ್ಟೆಯ ಮೇಲೆ ಹೋಯಿತು. ಇನ್ನೊಂದು ಕಡೆ ಹಾಕಿದರು, ಮೇಜು ಇನ್ನೊಂದು ಕಡೆ ವಾಲಿತು. ಆರು ವರ್ಷದಿಂದ ಅವರ ರುಜುವನ್ನು ಬ್ಯಾಂಕಿನವರು ತಿರಸ್ಕರಿಸುತ್ತಿದ್ದುದಕ್ಕೆ ಇದೇ ಕಾರಣ. ಅವರು ಪೆನ್ನು ಕೆಳಗಿಟ್ಟು, ಬಗ್ಗಿ ತಮ್ಮ ಮೇಜಿನ ಕಾಲು ನೋಡಿದರು.

“ಎಷ್ಟು ಮಡಿಕೆ ಮಾಡಿದ್ರಿ?”

“ಎಂಟು ಸರ್.”

“ಯಾವ ಕಾಗದ ಆದ್ರೂ ಆಗುತ್ತಾ?”

“ಇಲ್ಲ ಸರ್. ಸ್ವಲ್ಪ ದಪ್ಪ ಇರಬೇಕು. ಆದೇಶದ ಕಾಗದ ಚೆನ್ನಾಗಿ ಕೂರುತ್ತೆ.”

ವರ್ಗಾವಣೆಯ ಆದೇಶ ಇವತ್ತಿಗೂ ಮುಖ್ಯಾಧಿಕಾರಿಗಳ ಮೇಜಿನ ಕಾಲಿನಡಿ ಇದೆ. ಅದನ್ನು ಜಾರಿ ಮಾಡಬೇಕಾದರೆ ಮೊದಲು ಎಳೆಯಬೇಕು, ಎಳೆದರೆ ರುಜು ಹಾಕಲಾಗುವುದಿಲ್ಲ.

ಆ ಸಂಜೆ ಠಸ್ಸೆ ಹಗುರಾಗಿ ಮನೆಗೆ ಬಂದ. ಕಾನೂನು ಮೇಡಂ ಅವರಿಂದ ಇನ್ನೊಂದು ನಿಯಮವನ್ನೂ ಬರೆಸಿಕೊಂಡು ಬಂದಿದ್ದ. ಅತ್ತೆ, ಹೆಂಡತಿ, ಕಂಡಕ್ಟರು ಮೂವರೂ ಊಟದ ಮೇಜಿನ ಸುತ್ತ ಕೂತಿದ್ದರು. ಅತ್ತೆಯ ಮುಂದೆ ಒಂದು ಕಾಗದವಿತ್ತು. ಮೂಲೆಯಲ್ಲಿ ಎರಡು ತೂತು.

“ಮೇಲಿನ ಸಾಲಿಗೆ ಅರ್ಜಿ,” ಎಂದರು ಅತ್ತೆ. “ನಿಮ್ಮ ಮೇಲೆ.”

“ಆಗಲ್ಲ ಅತ್ತೆ,” ಎಂದು ಠಸ್ಸೆ ನಿಯಮ ಬಿಚ್ಚಿ ಓದಿದ. “ಕೆಲಸದ ಮೇಲಿದ್ದಾಗ ನೌಕರನಿಂದಾದ ತಪ್ಪಿಗೆ ಆತನಿಂದ ಸ್ವಂತವಾಗಿ ಪರಿಹಾರ ಕೇಳತಕ್ಕದ್ದಲ್ಲ.”

“ಅದು ನೌಕರನಿಗೆ. ನಾನು ಕೇಳ್ತಿರೋದು ಅಳಿಯಂದ್ರನ್ನ.”

ಠಸ್ಸೆ ನಿಯಮವನ್ನು ಇನ್ನೊಂದು ಸಲ ಓದಿದ. ಅಳಿಯನ ವಿಷಯ ಎಲ್ಲೂ ಇರಲಿಲ್ಲ. “ಇದಕ್ಕೆ ಮಿತಿ ಎಷ್ಟು?”

“ಇಲ್ಲ.”

“ಅವಧಿ?”

“ಅಮ್ಮ ವಾಪಸ್ ಹೋಗೋ ತನಕ,” ಎಂದಳು ಹೆಂಡತಿ.

“ಯಾವಾಗ ಹೋಗ್ತಾರೆ?”

“ಮೇಲಿನ ಸಾಲು ಬಂದ ಮೇಲೆ.”

ಹೊರಗೆ ಪುರಸಭೆಯ ಇಬ್ಬರು ಕೆಲಸಗಾರರು ಹಾರೆ ಹಿಡಿದು ಚಪ್ಪಡಿ ಸರಿಮಾಡಲು ಬಂದಿದ್ದರು. ಅತ್ತೆ ಕಿಟಕಿಯಿಂದಲೇ ಅವರನ್ನು ವಾಪಸ್ ಕಳಿಸಿದರು. ಅರ್ಜಿ ತೀರ್ಮಾನವಾಗುವವರೆಗೆ ಕಲ್ಲು ಮುಟ್ಟಕೂಡದು, ಅದು ಸಾಕ್ಷಿ. ಆಮೇಲೆ ತಿರುಗಿ ಅಳಿಯನಿಗೆ, “ಒತ್ತಿ. ನಮ್ಮ ನಮ್ಮಲ್ಲಿ ಅಂತ ಬಿಡಬೇಡಿ,” ಎಂದರು.

ಠಸ್ಸೆ ಜೇಬಿನಿಂದ ಠಸ್ಸೆ ತೆಗೆದ, ಅದಕ್ಕೆ ಬಾಯಿಂದ ಹಾ ಎಂದು ಉಸಿರು ಕೊಟ್ಟ, ಒತ್ತಿದ. ಊಟದ ಮೇಜು ಮೆಲ್ಲಗೆ ಅವನ ಕಡೆಗೆ ವಾಲಿತು. ಎಲ್ಲರೂ ಒಮ್ಮೆ ಮೇಜಿನ ಕಾಲು ನೋಡಿದರು, ಒಮ್ಮೆ ಕಾಗದ ನೋಡಿದರು. ಅತ್ತೆ ಕಾಗದವನ್ನು ತೆಗೆದು ಸೊಂಟಕ್ಕೆ ಭದ್ರವಾಗಿ ಸಿಕ್ಕಿಸಿಕೊಂಡು, ಬಾಗಿಲ ಬಳಿ ಒಂಟಿಯಾಗಿ ಬಿದ್ದಿದ್ದ ಬಲಗಾಲಿನ ಚಪ್ಪಲಿ ತರಲು ಎದ್ದರು.